ಗುಪ್ತಾಂಗದಲ್ಲಿ ಗುಳ್ಳೆ ಕಂಡರೆ: ಹೊಸದಾಗಿ ಬಂದದ್ದಾ, ಹೊಸದಾಗಿ ಕಂಡದ್ದಾ?

ಗಂಡಸರ ಗುಪ್ತಾಂಗದಲ್ಲಿ ಕಾಣುವ ಸಣ್ಣ ಗುಳ್ಳೆ, ಚುಕ್ಕೆ, ಗಂಟುಗಳಲ್ಲಿ ಬಹಳಷ್ಟು ರೋಗವೇ ಅಲ್ಲ. ಅವು ಚರ್ಮದ್ದೇ ಭಾಗ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಮಕ್ಕಳಾಗುವುದಕ್ಕೆ ಅಡ್ಡಿಯೂ ಇಲ್ಲ. ಆದರೂ ಇವುಗಳಿಂದ ನಿದ್ದೆಗೆಟ್ಟವರಿಗೆ ಲೆಕ್ಕವಿಲ್ಲ. ಹದಿನಾರು ಹದಿನೇಳರ ಹುಡುಗರಿದ್ದಾರೆ. ಮದುವೆ ನಿಶ್ಚಯವಾದವರಿದ್ದಾರೆ. ಎಲ್ಲೋ ಒಮ್ಮೆ ಕಾಂಡೋಮ್ ಇಲ್ಲದೆ ಸಂಪರ್ಕ ಮಾಡಿ, ಆಮೇಲೆ ಹೆದರಿಕೊಂಡವರಿದ್ದಾರೆ.

ಈ ಮೂರನೆಯವರನ್ನೇ ತೆಗೆದುಕೊಳ್ಳಿ. ಭಯ ಹುಟ್ಟಿದ ಮೇಲೆಯೇ ಅವರು ಆ ಜಾಗವನ್ನು ಸರಿಯಾಗಿ ನೋಡಿಕೊಳ್ಳುವುದು. ವರ್ಷಗಳಿಂದ ಅಲ್ಲೇ ಇದ್ದದ್ದು ಅವತ್ತು ಕಣ್ಣಿಗೆ ಬೀಳುತ್ತದೆ. ಮೊನ್ನೆ ಮಾಡಿದ್ದರ ಫಲ ಇದು ಎಂದು ಮನಸ್ಸು ತೀರ್ಮಾನ ಮಾಡಿಬಿಡುತ್ತದೆ. ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟೇ: ಇದು ಹೊಸದಾಗಿ ಬಂದದ್ದಾ, ಹೊಸದಾಗಿ ಕಂಡದ್ದಾ? ಆ ಉತ್ತರ ಹುಡುಕುವ ಕ್ರಮ ಮುಂದಿದೆ.

ಹಂತ 1: ಒಮ್ಮೆ ಸರಿಯಾಗಿ ನೋಡಿ

ಸ್ನಾನವಾದ ಮೇಲೆ, ಒಳ್ಳೆಯ ಬೆಳಕಿನಲ್ಲಿ ನೋಡಿ. ಬಚ್ಚಲುಮನೆಯ ಮಂಕು ಬಲ್ಬಿನ ಕೆಳಗೆ ಎಲ್ಲವೂ ಭಯಂಕರವಾಗಿಯೇ ಕಾಣುತ್ತದೆ. ಕೈ ತೊಳೆದುಕೊಳ್ಳಿ. ಕೆಳಭಾಗ ನೋಡಲು ಸಣ್ಣ ಕನ್ನಡಿ ಇಟ್ಟುಕೊಳ್ಳಿ. ಮುಂದೊಗಲು ಇದ್ದರೆ ನಿಧಾನವಾಗಿ ಹಿಂದಕ್ಕೆ ಸರಿಸಿ. ಬರದಿದ್ದರೆ ಬಲವಂತ ಬೇಡ. ನೋಡಿ ಮುಗಿದ ಕೂಡಲೇ ಅದನ್ನು ವಾಪಸ್ ಮುಂದಕ್ಕೆ ತನ್ನಿ. ಇದನ್ನು ಮರೆಯುವವರಿದ್ದಾರೆ. ಹಿಂದೆಯೇ ಬಿಟ್ಟರೆ ಅಲ್ಲಿ ಬಿಗಿದು ತುದಿಭಾಗ ಊದಿಕೊಳ್ಳಬಹುದು, ಆಮೇಲೆ ಕೈಯಿಂದ ಇಳಿಸಲು ಆಗುವುದಿಲ್ಲ. ಹಾಗಾದರೆ ಅದೇ ದಿನ ಆಸ್ಪತ್ರೆಗೆ ಓಡಬೇಕು.

ನೋಡುವಾಗ ಐದು ವಿಷಯ ಗಮನಿಸಿ: ಎಲ್ಲಿದೆ, ಹೇಗೆ ಜೋಡಣೆಯಾಗಿದೆ, ಎಷ್ಟು ದೊಡ್ಡದು, ಯಾವ ಬಣ್ಣ, ನೋವು ತುರಿಕೆ ಇದೆಯಾ. ಇವುಗಳಲ್ಲಿ ಜೋಡಣೆಯೇ ಜಾಸ್ತಿ ಹೇಳುವುದು. ಸಾಲಾಗಿ ಒಂದೇ ಅಳತೆಯಲ್ಲಿ ಇರುವುದು ಸಾಮಾನ್ಯವಾಗಿ ದೇಹದ್ದೇ. ಅಲ್ಲೊಂದು ಇಲ್ಲೊಂದು, ಒಂದು ದೊಡ್ಡದು ಒಂದು ಚಿಕ್ಕದು, ವಾರದಿಂದ ವಾರಕ್ಕೆ ಹೆಚ್ಚುತ್ತಿದೆ ಎಂದರೆ ಬೇರೆ ಕಾರಣ ಯೋಚಿಸಬೇಕು.

ಹಿಂಡಬೇಡಿ, ಉಗುರಿನಿಂದ ಕೆರೆಯಬೇಡಿ. ಎರಡು ವಾರ ಬಿಟ್ಟು ಹೋಲಿಸಿ ನೋಡಲು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಬಹುದು. ಆದರೆ ಅದು ತಾನಾಗಿಯೇ ಮನೆಯವರೆಲ್ಲರ ಅಕೌಂಟಿಗೆ ಬ್ಯಾಕಪ್ ಆಗುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಹಾಲ್‌ನ ಟಿವಿಯಲ್ಲಿ ಹಬ್ಬದ ಫೋಟೋಗಳ ನಡುವೆ ಅದು ಬಂದರೆ ಯಾವ ಡಾಕ್ಟರೂ ಕಾಪಾಡಲಾರರು.

ಹಂತ 2: ಜಾಗ ನೋಡಿ ಗುರುತಿಸಿ

ತುದಿಭಾಗದ ಅಂಚಿನಿಂದ ಶುರು ಮಾಡೋಣ, ಏಕೆಂದರೆ ಜಾಸ್ತಿ ಗಾಬರಿ ಹುಟ್ಟಿಸುವುದು ಅದೇ. ಶಿಶ್ನದ ತುದಿಭಾಗ ಮುಗಿದು ದಂಡದ ಚರ್ಮ ಶುರುವಾಗುವ ಕಡೆ ಸುತ್ತಲೂ ಒಂದು ಉಬ್ಬಿದ ಅಂಚಿದೆ. ಆ ಅಂಚಿನಲ್ಲಿ ಒಂದು ಸಾಲೋ, ಎರಡು ಮೂರು ಸಾಲೋ, ಪುಟಾಣಿ ಗುಳ್ಳೆಗಳು ಕಾಣಬಹುದು. ಒಂದೊಂದೂ 1ರಿಂದ 3 ಮಿಲಿಮೀಟರ್. ಬಣ್ಣ ಬಿಳಿ, ತೆಳುಗೆಂಪು ಅಥವಾ ಚರ್ಮದ್ದೇ. ಕೆಲವರಲ್ಲಿ ಗುಂಡಗೆ, ಕೆಲವರಲ್ಲಿ ಸಣ್ಣ ಎಳೆಗಳಂತೆ. ನೋವಿಲ್ಲ, ತುರಿಕೆಯಿಲ್ಲ. ಡಾಕ್ಟರುಗಳು ಇವುಗಳನ್ನು ಪರ್ಲಿ ಪೆನೈಲ್ ಪ್ಯಾಪ್ಯೂಲ್ಸ್ ಎನ್ನುತ್ತಾರೆ. ಒಳಗಿರುವುದು ಸಣ್ಣ ರಕ್ತನಾಳ ಮತ್ತು ನಾರಿನಂಥ ಅಂಗಾಂಶ, ಅಷ್ಟೇ. ವೈರಸ್ ಇಲ್ಲ, ಕೀವಿಲ್ಲ. ಬೇರೆ ಬೇರೆ ದೇಶಗಳಲ್ಲಿ ಲೆಕ್ಕ ಹಾಕಿದವರು ನೂರಕ್ಕೆ ಸುಮಾರು 14ರಿಂದ 48 ಗಂಡಸರಲ್ಲಿ ಇವು ಇವೆ ಎಂದಿದ್ದಾರೆ. ಕಡಿಮೆ ಅಂಕಿಯನ್ನೇ ಹಿಡಿದರೂ ನಿಮ್ಮ ಕ್ರಿಕೆಟ್ ಟೀಮಿನಲ್ಲಿ ಒಬ್ಬನಿಗಾದರೂ ಇದ್ದೀತು. ಹೇಳಿಕೊಳ್ಳುವುದಿಲ್ಲ ಅಷ್ಟೇ.

ಇವು ಹರೆಯದಲ್ಲಿ ಮೂಡುತ್ತವೆ. ಸುನ್ನತಿ ಆಗದವರಲ್ಲಿ ಹೆಚ್ಚು ಕಾಣುತ್ತವೆ. ವಯಸ್ಸಾದಂತೆ ಮಾಸುತ್ತವೆ. ಸ್ವಚ್ಛತೆಗೂ ಇವಕ್ಕೂ ಸಂಬಂಧವಿಲ್ಲ, ಸೋಪಿನಿಂದ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಹಸ್ತಮೈಥುನದಿಂದ ಬಂದಿದ್ದು ಎಂಬುದೂ ಸುಳ್ಳು. ಹುಡುಗರ ತಲೆಯಲ್ಲಿ ಇದು ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ಎರಡೆರಡು ಸಲ ಹೇಳಬೇಕು: ಅದಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ.

ಅಂಚಿನಿಂದ ಸ್ವಲ್ಪ ಕೆಳಗೆ, ಶಿಶ್ನದ ಅಡಿಭಾಗದಲ್ಲಿ, ಮುಂದೊಗಲನ್ನು ಹಿಡಿದಿಡುವ ದಾರದಂಥ ಚರ್ಮವಿದೆ. ಅದರ ಎಡಕ್ಕೊಂದು ಬಲಕ್ಕೊಂದು ಸಣ್ಣ ಬಿಳಿ ಗುಳ್ಳೆ ಇದ್ದರೆ ಅದೂ ಸಹಜ. ಇಂಗ್ಲೆಂಡಿನ ಅಂಗರಚನಾ ತಜ್ಞ ಎಡ್ವರ್ಡ್ ಟೈಸನ್ ಹೆಸರಿನಲ್ಲಿ ಇವುಗಳನ್ನು ಟೈಸನ್ ಗ್ರಂಥಿ ಎಂದು ಕರೆಯುವುದುಂಟು. ಎರಡೂ ಕಡೆ ಸರಿಸಮವಾಗಿ ಇರುವುದೇ ಗುರುತು.

ದಂಡದ ಚರ್ಮವನ್ನು ಸ್ವಲ್ಪ ಎಳೆದು ಹಿಡಿದರೆ ತಿಳಿಹಳದಿ ಚುಕ್ಕೆಗಳು ಕಾಣುತ್ತವೆಯಾ? ಬಿಟ್ಟರೆ ಮಾಯವಾಗುತ್ತವೆಯಾ? ಅವು ಫೋರ್ಡೈಸ್ ಚುಕ್ಕೆಗಳು. ಅಮೆರಿಕದ ಚರ್ಮವೈದ್ಯ ಜಾನ್ ಫೋರ್ಡೈಸ್ 1896ರಲ್ಲಿ ಇವುಗಳ ಬಗ್ಗೆ ಬರೆದರು. ನಮ್ಮ ಚರ್ಮಕ್ಕೆ ಜಿಡ್ಡು ಕೊಡುವ ಗ್ರಂಥಿ ಸಾಮಾನ್ಯವಾಗಿ ಕೂದಲ ಬುಡಕ್ಕೆ ಅಂಟಿಕೊಂಡಿರುತ್ತದೆ. ಇಲ್ಲಿ ಕೂದಲಿಲ್ಲದೆ ಗ್ರಂಥಿ ಮಾತ್ರ ಇದೆ, ಅದಕ್ಕೇ ಚುಕ್ಕೆಯಾಗಿ ಕಾಣುತ್ತದೆ. ಅನುಮಾನವಿದ್ದರೆ ಕನ್ನಡಿಯಲ್ಲಿ ತುಟಿಯ ಅಂಚು, ಕೆನ್ನೆಯ ಒಳಭಾಗ ನೋಡಿಕೊಳ್ಳಿ. ಬಹಳಷ್ಟು ಜನರಿಗೆ ಅಲ್ಲೂ ಇವೇ ಚುಕ್ಕೆಗಳಿರುತ್ತವೆ.

ದಂಡದ ಬುಡದಲ್ಲಿ, ಬೀಜದ ಚೀಲದ ಮೇಲೆ, ಒಂದೊಂದು ಕೂದಲಿನ ಬುಡವೂ ಸ್ವಲ್ಪ ಎದ್ದು ಕಾಣುವುದು ಸಾಮಾನ್ಯ. ಚಳಿಗೆ ಚೀಲ ಮುದುಡಿದಾಗ ಇನ್ನೂ ಎದ್ದು ಕಾಣುತ್ತದೆ. ಶಿಶ್ನದ ಅಡಿಯಿಂದ ಚೀಲದ ನಡುವೆ ಹಾದು ಗುದದ್ವಾರದ ಕಡೆ ಹೋಗುವ ಕಪ್ಪು ಗೆರೆಯೂ ಗಾಯದ ಗುರುತಲ್ಲ, ಅದು ಹುಟ್ಟಿನಿಂದ ಬಂದದ್ದು.

ನಲವತ್ತು ದಾಟಿದವರು ಕೆಲವೊಮ್ಮೆ ಚೀಲದ ಮೇಲೆ ಕಡುಗೆಂಪು ಅಥವಾ ನೇರಳೆ ಬಣ್ಣದ ಚುಕ್ಕೆಗಳನ್ನು ನೋಡುತ್ತಾರೆ. ಚರ್ಮದ ಮೇಲ್ಭಾಗದ ಸಣ್ಣ ರಕ್ತನಾಳಗಳು ಅಗಲವಾಗಿ ಹೀಗಾಗುತ್ತದೆ. ಆಂಜಿಯೋಕೆರಟೋಮಾ ಎನ್ನುತ್ತಾರೆ, ಇದನ್ನೂ ವಿವರಿಸಿದವರು ಅದೇ ಫೋರ್ಡೈಸ್. ತುರಿಸಿದರೆ, ಬ್ಲೇಡ್ ತಾಗಿದರೆ ರಕ್ತ ಬರುತ್ತದೆ, ಒಳಉಡುಪಿನ ಮೇಲೆ ಕಲೆ ನೋಡಿ ಎದೆ ಧಸಕ್ ಅನ್ನುತ್ತದೆ. ಸ್ವಚ್ಛವಾದ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿದರೆ ನಿಲ್ಲುತ್ತದೆ. ಒಂದು ವಿಷಯ ಮಾತ್ರ ನೆನಪಿಡಿ. ಹದಿಹರೆಯದಲ್ಲೇ ಇಂಥ ಚುಕ್ಕೆಗಳು ಹೊಕ್ಕುಳಿನಿಂದ ತೊಡೆಯವರೆಗೆ ರಾಶಿಯಾಗಿ ಬಂದು, ಅಂಗೈ ಅಂಗಾಲು ಉರಿಯುತ್ತಿದ್ದರೆ ಅದು ಫ್ಯಾಬ್ರಿ ಎಂಬ ಅಪರೂಪದ ವಂಶವಾಹಿ ಕಾಯಿಲೆ ಇರಬಹುದು. ಅದನ್ನು ತೋರಿಸಲೇಬೇಕು.

ಚೀಲದ ಚರ್ಮದಲ್ಲೇ, ಚರ್ಮದ ಜೊತೆಗೇ ಓಡಾಡುವ ಬಿಳಿ ಅಥವಾ ಹಳದಿ ಗಟ್ಟಿ ಗಂಟುಗಳೂ ಬರುತ್ತವೆ. ಒಂದಿರಬಹುದು, ಹತ್ತಿರಬಹುದು. ಸಿಸ್ಟ್ ಅಂತಾರೆ. ಕೆಂಪಾಗಿ ನೋಯದಿದ್ದರೆ ಹಾಗೇ ಬಿಡಬಹುದು. ಉಡುಪಿಗೆ ತಾಗಿ ಕಿರಿಕಿರಿಯಾದರೆ ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ತೆಗೆಯುತ್ತಾರೆ.

ಇನ್ನೊಂದು ವಿಚಿತ್ರ ಗಂಟಿದೆ. ಜೋರಾದ ಸಂಭೋಗ ಅಥವಾ ಹಸ್ತಮೈಥುನದ ಮರುದಿನ, ತುದಿಭಾಗದ ಹಿಂದೆ ಚರ್ಮದಡಿ ಗಟ್ಟಿ ಹಗ್ಗದಂಥದ್ದು ಕೈಗೆ ಸಿಗುತ್ತದೆ. ನೋವು ಇಲ್ಲ ಎನ್ನುವಷ್ಟು ಕಡಿಮೆ. ಅಲ್ಲಿನ ಸಣ್ಣ ನಾಳ ಉಜ್ಜಾಟಕ್ಕೆ ಊದಿಕೊಂಡಿರುತ್ತದೆ. ಕೆಲವು ವಾರ ಆ ಜಾಗಕ್ಕೆ ವಿಶ್ರಾಂತಿ ಕೊಟ್ಟರೆ ತಾನಾಗಿ ಇಳಿಯುತ್ತದೆ. ಆರು ವಾರವಾದರೂ ಇದ್ದರೆ ತೋರಿಸಿ.

ಹಂತ 3: ಹೊಸದಾಗಿಯೇ ಬಂದದ್ದಾದರೆ

ಮೊದಲು ಕೇಳಿಕೊಳ್ಳಿ: ಇತ್ತೀಚೆಗೆ ಕೂದಲು ತೆಗೆದಿರಾ? ಬ್ಲೇಡ್ ಆಡಿಸಿದ ಎರಡು ಮೂರು ದಿನಕ್ಕೆ ಕೂದಲ ಬುಡದಲ್ಲಿ ಕೆಂಪು ಗುಳ್ಳೆ, ತುದಿಯಲ್ಲಿ ಚೂರು ಕೀವು. ಇದು ತೀರಾ ಸಾಮಾನ್ಯ. ಬೆವರು, ಬಿಗಿ ಜೀನ್ಸ್, ನೈಲಾನ್ ಚಡ್ಡಿ ಸೇರಿದರೆ ಜಾಸ್ತಿಯಾಗುತ್ತದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ದಿನಕ್ಕೆ ಮೂರು ನಾಲ್ಕು ಸಲ ಹತ್ತು ನಿಮಿಷ ಇಡಿ. ಸಡಿಲ ಹತ್ತಿ ಬಟ್ಟೆ ಹಾಕಿ. ಮುಂದೆ ಬ್ಲೇಡ್ ಬಿಟ್ಟು ಟ್ರಿಮ್ಮರ್ ಬಳಸಿ. ಮೇಲಿಂದ ಮೇಲೆ ಕುರು ಏಳುತ್ತಿದ್ದರೆ, ಅಥವಾ ಮುಂದೊಗಲು ಪದೇ ಪದೇ ಬಿರಿಯುತ್ತಿದ್ದರೆ, ಮುಲಾಮಿಗಿಂತ ಮೊದಲು ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ಎಷ್ಟೋ ಜನರಿಗೆ ಶುಗರ್ ಇರುವುದು ಗೊತ್ತಾಗುವುದೇ ಹೀಗೆ.

ರಾತ್ರಿ ತುರಿಕೆ ಜಾಸ್ತಿ, ಬೆರಳ ಸಂದಿನಲ್ಲೂ ಇದೆ, ಮನೆಯವರೋ ರೂಮ್‌ಮೇಟ್‌ಗಳೋ ತುರಿಸಿಕೊಳ್ಳುತ್ತಿದ್ದಾರೆ ಎಂದರೆ ಅದು ಕಜ್ಜಿ. ಹಾಸ್ಟೆಲ್, ಪಿಜಿಗಳಲ್ಲಿ ಬೇಗ ಹರಡುತ್ತದೆ. ಲೈಂಗಿಕ ಸಂಪರ್ಕವೇ ಆಗಬೇಕಿಲ್ಲ. ಡಾಕ್ಟರು ಸಾಮಾನ್ಯವಾಗಿ ಪರ್ಮೆಥ್ರಿನ್ ಕ್ರೀಮ್ ಕೊಡುತ್ತಾರೆ. ಮನೆಯವರೆಲ್ಲ ಒಂದೇ ರಾತ್ರಿ ಹಚ್ಚಿಕೊಳ್ಳದಿದ್ದರೆ ಮತ್ತೆ ಬರುತ್ತದೆ. ಕಜ್ಜಿ ತರುವ ಹುಳು ಸತ್ತ ಮೇಲೂ ಶಿಶ್ನ ಮತ್ತು ಚೀಲದ ಮೇಲೆ ಗಂಟುಗಳು ವಾರಗಟ್ಟಲೆ ಉಳಿಯುತ್ತವೆ. ಔಷಧಿ ಕೆಲಸ ಮಾಡಿಲ್ಲ ಎಂದುಕೊಂಡು ಮತ್ತೆ ಮತ್ತೆ ಹಚ್ಚಬೇಡಿ.

ಒಂದು ಕಾರಣ ಮಾತ್ರ ಯಾರಿಗೂ ಹೊಳೆಯುವುದಿಲ್ಲ, ಅದು ಮಾತ್ರೆ. ಜ್ವರಕ್ಕೋ ಮೈಕೈ ನೋವಿಗೋ ಭೇದಿಗೋ ಮೆಡಿಕಲ್ ಶಾಪಿನಿಂದ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಶಿಶ್ನದ ತುದಿಯಲ್ಲಿ ಕೆಂಪಗೆ ಉರಿದು, ಬೊಬ್ಬೆ ಎದ್ದು, ಆಮೇಲೆ ಕಪ್ಪು ಕಲೆ ಉಳಿಯುತ್ತದೆ. ಮುಂದಿನ ಸಲ ಅದೇ ಮಾತ್ರೆ ತಿಂದಾಗ ಅದೇ ಜಾಗದಲ್ಲಿ ಮತ್ತೆ. ಇದು ಔಷಧಿಯ ಅಲರ್ಜಿ. ಇದನ್ನು ತಿಳಿಯದೆ ಹೆಂಡತಿಯನ್ನೋ ಗಂಡನನ್ನೋ ಅನುಮಾನಿಸಿದ ಮನೆಗಳಿವೆ. ಮಾತ್ರೆಯ ಹೆಸರು ಬರೆದಿಟ್ಟುಕೊಳ್ಳಿ, ಯಾವ ಡಾಕ್ಟರ ಹತ್ತಿರ ಹೋದರೂ ತೋರಿಸಿ.

ಈಗ ಸೋಂಕಿನ ಗುರುತುಗಳು. ಇವುಗಳನ್ನು ಕಂಡರೆ ಕಾಯಬೇಡಿ.

ನರುಲಿ: ಎಚ್‌ಪಿವಿ ಎಂಬ ವೈರಸ್‌ನಿಂದ ಬರುತ್ತದೆ, ಹೆಚ್ಚಾಗಿ ಅದರ 6 ಮತ್ತು 11ನೇ ಬಗೆಯಿಂದ. ಮೇಲ್ಮೈ ಒರಟು, ಬೆಳೆದರೆ ಹೂಕೋಸಿನಂತೆ. ಸಾಲಾಗಿ ಇರುವುದಿಲ್ಲ. ದಂಡ, ತೊಡೆಸಂದು, ಗುದದ್ವಾರ ಎಲ್ಲೆಂದರಲ್ಲಿ ಬರುತ್ತದೆ, ಸಂಖ್ಯೆ ಏರುತ್ತದೆ. ಸಂಪರ್ಕವಾಗಿ ತಿಂಗಳುಗಳ ನಂತರವೂ ಕಾಣಿಸಿಕೊಳ್ಳಬಹುದು.

ನಡುವೆ ಕುಳಿ ಇರುವ, ಹೊಳೆಯುವ ಗುಂಡು ಗುಳ್ಳೆ ಮೊಲಸ್ಕಮ್. ಅದೂ ವೈರಸ್ಸೇ, ಅಂಟುತ್ತದೆ, ಅಪಾಯ ಕಡಿಮೆ.

ಗುಂಪಾಗಿ ಸಣ್ಣ ನೀರುಗುಳ್ಳೆ ಎದ್ದು, ಒಡೆದು ಉರಿಯುವ ಹುಣ್ಣಾದರೆ ಹರ್ಪಿಸ್ ಎಂಬ ವೈರಸ್ ಸೋಂಕು ಇರಬಹುದು.

ಎಲ್ಲಕ್ಕಿಂತ ಮೋಸದ್ದು ನೋವಿಲ್ಲದ ಹುಣ್ಣು. ಸಿಫಿಲಿಸ್ ಎಂಬ ಲೈಂಗಿಕ ರೋಗ ಶುರುವಾಗುವುದು ಹೀಗೆ. ಸಂಪರ್ಕವಾದ 9ರಿಂದ 90 ದಿನದೊಳಗೆ, ಹೆಚ್ಚಾಗಿ ಮೂರನೇ ವಾರದ ಹೊತ್ತಿಗೆ, ಅಂಚು ಗಟ್ಟಿಯಾದ ಒಂದು ಹುಣ್ಣು. ನೋವಿಲ್ಲವಲ್ಲ ಎಂದು ಸುಮ್ಮನಾದರೆ 3ರಿಂದ 6 ವಾರದಲ್ಲಿ ಅದು ತಾನೇ ಮಾಯುತ್ತದೆ. ಹುಣ್ಣು ಮಾಯುತ್ತದೆ, ರೋಗ ಒಳಗೇ ಇರುತ್ತದೆ. ಆರಂಭದಲ್ಲೇ ತೋರಿಸಿದರೆ ಪೆನಿಸಿಲಿನ್ ಚುಚ್ಚುಮದ್ದಿನಿಂದ ಪೂರ್ತಿ ಗುಣವಾಗುವ ಕಾಯಿಲೆ ಇದು.

ವಯಸ್ಸಾದವರಲ್ಲಿ, ಅದರಲ್ಲೂ ಮುಂದೊಗಲು ಹಿಂದೆ ಸರಿಯದವರಲ್ಲಿ, ಮೂರು ವಾರವಾದರೂ ಮಾಯದ ಹುಣ್ಣೋ ಗಡ್ಡೆಯೋ ಇದ್ದರೆ ಕ್ಯಾನ್ಸರ್ ಅಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ಚರ್ಮದಲ್ಲಿ ಅಲ್ಲದೆ ಬೀಜದ ಒಳಗೇ ಗಟ್ಟಿ ಗಂಟು ಸಿಕ್ಕರೂ ಅಷ್ಟೇ, ಅದು ಮೂತ್ರರೋಗ ತಜ್ಞರ ಕೆಲಸ. ಬೀಜದಲ್ಲಿ ಇದ್ದಕ್ಕಿದ್ದಂತೆ ತಡೆಯಲಾರದ ನೋವು ಬಂದರೆ ಬೆಳಗಾಗಲಿ ಎಂದು ಕೂರಬೇಡಿ. ಬೀಜ ತಿರುಚಿಕೊಂಡಿದ್ದರೆ ಉಳಿಸಿಕೊಳ್ಳಲು ಇರುವುದು ಸುಮಾರು ಆರು ಗಂಟೆ. ಶುಗರ್ ಇರುವವರಿಗೆ ಆ ಜಾಗ ಗಂಟೆಗಂಟೆಗೂ ಊದಿ, ಕಪ್ಪಾಗಿ, ವಾಸನೆ ಬಂದರೆ ಅದೂ ತುರ್ತೇ.

ಹಂತ 4: ಏನೂ ಹಚ್ಚಬೇಡಿ

ನಿರುಪದ್ರವಿ ಗುಳ್ಳೆಗಳಿಂದ ಆಗುವ ತೊಂದರೆ ಸೊನ್ನೆ. ಅವುಗಳಿಗೆ ನಾವು ಮಾಡಿಕೊಳ್ಳುವ ಔಷಧಿಯಿಂದ ಆಗುವುದು ಬೇಕಾದಷ್ಟಿದೆ.

ಕಾಲಿನ ಆಣಿಗೆ ಹಚ್ಚುವ ಆಸಿಡ್ ದ್ರಾವಣವನ್ನು ಇಲ್ಲಿ ಹಚ್ಚಿದರೆ ಚರ್ಮ ಸುಟ್ಟು ಹುಣ್ಣಾಗುತ್ತದೆ. ಸುಣ್ಣಕ್ಕೆ ಸೋಡಾ ಸೇರಿಸಿ ಹಚ್ಚುವುದು, ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿಸುವುದು, ಕೂದಲು ಕಟ್ಟಿ ಬಿಗಿಯುವುದು, ಇವೆಲ್ಲ ಊರಿನ ಪದ್ಧತಿಗಳು. ಕೈ ಮೇಲಿನ ನರುಲಿಗೇ ಇವು ಒಳ್ಳೆಯದಲ್ಲ, ಇಷ್ಟು ತೆಳು ಚರ್ಮಕ್ಕಂತೂ ಬೇಡವೇ ಬೇಡ. ಬೆಳ್ಳುಳ್ಳಿ ಜಜ್ಜಿ ಇಟ್ಟು ಬೊಬ್ಬೆ ಎಬ್ಬಿಸಿಕೊಳ್ಳುವವರೂ ಇದ್ದಾರೆ. ಡೆಟಾಲ್ ಸುರಿದುಕೊಂಡು ತೊಳೆಯುವುದೂ ಉರಿ ಹೆಚ್ಚಿಸುತ್ತದೆ ಅಷ್ಟೇ. ವಿನೆಗರ್ ಹಚ್ಚಿ, ಬಿಳಿಯಾದರೆ ನರುಲಿ ಎಂದು ತೀರ್ಮಾನಿಸುವ ಉಪಾಯ ಇಂಟರ್ನೆಟ್ಟಿನಲ್ಲಿ ಓಡಾಡುತ್ತಿದೆ. ನರುಲಿ ಅಲ್ಲದ ಚರ್ಮವೂ ಬಿಳಿಯಾಗುತ್ತದೆ, ಅದನ್ನು ನಂಬಬೇಡಿ.

ಮೆಡಿಕಲ್ ಶಾಪಿನಲ್ಲಿ 'ಕೆರೆತಕ್ಕೆ ಒಂದು ಟ್ಯೂಬ್ ಕೊಡಿ' ಎಂದರೆ ಸಿಗುವುದು ಹೆಚ್ಚಾಗಿ ಸ್ಟಿರಾಯ್ಡ್ ಬೆರೆತ ಕ್ರೀಮ್. ಕವರಿನ ಮೇಲೆ ಕ್ಲೋಬೆಟಸಾಲ್, ಬೀಟಾಮೆಥಸೋನ್ ಎಂದಿದ್ದರೆ ಕೆಳಗಿಡಿ. ಎರಡು ದಿನ ಹಾಯೆನಿಸುತ್ತದೆ. ಆಮೇಲೆ ತೊಡೆಸಂದಿನ ಚರ್ಮ ತೆಳ್ಳಗಾಗಿ ಗೆರೆ ಬೀಳುತ್ತದೆ, ಆ ಗೆರೆ ಮತ್ತೆ ಹೋಗುವುದಿಲ್ಲ. ಗಜಕರ್ಣ ಇದ್ದರೆ ಅದು ಮರೆಯಲ್ಲಿ ಹಬ್ಬುತ್ತದೆ.

ಬಸ್ ಸ್ಟ್ಯಾಂಡ್ ಶೌಚಾಲಯದ ಗೋಡೆಯಲ್ಲಿ, ಕರೆಂಟ್ ಕಂಬದಲ್ಲಿ 'ಗುಪ್ತರೋಗಕ್ಕೆ ಶಾಶ್ವತ ಪರಿಹಾರ, ಪ್ರತಿ ತಿಂಗಳು ಇಂಥ ಲಾಡ್ಜಿನಲ್ಲಿ ಸಿಗುತ್ತಾರೆ' ಎಂಬ ಪೋಸ್ಟರ್ ನೋಡಿರುತ್ತೀರಿ. ಲೈಂಗಿಕ ರೋಗ ಗುಣಪಡಿಸುತ್ತೇವೆ ಎಂದು ಹೀಗೆ ಜಾಹೀರಾತು ಕೊಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪ್ರಕಾರವೇ ತಪ್ಪು. ಅಂಚಿನ ಸಹಜ ಗುಳ್ಳೆಯನ್ನು ಭಯಂಕರ ರೋಗ ಮಾಡಿ ಸಾವಿರಾರು ರೂಪಾಯಿಯ ಪುಡಿ ಮಾರುವುದು ಅಲ್ಲಿನ ವ್ಯಾಪಾರ. ಆ ಗುಳ್ಳೆ ಪುಡಿಯಿಂದ ಹೋಗುವುದಿಲ್ಲ, ಆದ್ದರಿಂದ ಗಿರಾಕಿಯೂ ಹೋಗುವುದಿಲ್ಲ.

ಹಂತ 5: ಯಾರಿಗೆ, ಹೇಗೆ ತೋರಿಸುವುದು

ಅನುಮಾನ ಉಳಿದರೆ ಚರ್ಮರೋಗ ತಜ್ಞರಿಗೆ ತೋರಿಸಿ. ನಮ್ಮಲ್ಲಿ ಲೈಂಗಿಕ ರೋಗಗಳನ್ನು ನೋಡುವವರೂ ಅವರೇ. ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್, ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಗಳೂರಿನ ವೆನ್ಲಾಕ್‌ನಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ವಿಭಾಗವಿದೆ. ಚೀಟಿ ಮಾಡಿಸುವಾಗ 'ಚರ್ಮದ ವಿಭಾಗ' ಎಂದರೆ ಸಾಕು, ಕೌಂಟರಿನಲ್ಲಿ ಕಥೆ ಹೇಳಬೇಕಿಲ್ಲ. ಜಿಲ್ಲಾಸ್ಪತ್ರೆಗಳಲ್ಲಿ 'ಸುರಕ್ಷಾ ಕ್ಲಿನಿಕ್' ಎಂಬ ಬೋರ್ಡ್ ಹುಡುಕಿ, ಅದು ಇದಕ್ಕೆಂದೇ ಇರುವುದು. ಐಸಿಟಿಸಿ ಎಂಬ ಸರ್ಕಾರಿ ಸಲಹೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಫಲಿತಾಂಶ ಗುಟ್ಟಾಗಿರುತ್ತದೆ. ಮೊದಲು ಫೋನಿನಲ್ಲಿ ಮಾತಾಡಬೇಕು ಅನಿಸಿದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ, ದುಡ್ಡು ಕಡಿತವಾಗುವುದಿಲ್ಲ.

ಒಳಗೆ ಹೋದ ಮೇಲೆ ಸುತ್ತುಬಳಸಿ 'ಸ್ವಲ್ಪ ಅಲರ್ಜಿ ಸಾರ್' ಎಂದರೆ ಅಲರ್ಜಿ ಮಾತ್ರೆ ಬರೆದು ಕಳಿಸುತ್ತಾರೆ. ನೇರವಾಗಿ ಹೇಳಿ: 'ಡಾಕ್ಟ್ರೇ, ಶಿಶ್ನದ ಮೇಲೆ ಗುಳ್ಳೆ ಇದೆ. ಇಷ್ಟು ದಿನದಿಂದ ನೋಡ್ತಿದ್ದೀನಿ. ನೋವಿಲ್ಲ. ಒಮ್ಮೆ ನೋಡಬೇಕು.' ಸಂಪರ್ಕವಾಗಿದ್ದರೆ ಯಾವಾಗ, ಕಾಂಡೋಮ್ ಇತ್ತೇ ಎಂದು ಹೇಳಿ. ಏನೇನು ಹಚ್ಚಿದ್ದೀರಿ ಎಂಬುದನ್ನೂ ಮುಚ್ಚಿಡಬೇಡಿ. ಅಂಚಿನ ಗುಳ್ಳೆಯನ್ನು ಅವರು ಹೆಚ್ಚಾಗಿ ಕಣ್ಣಿನಲ್ಲೇ ಗುರುತಿಸುತ್ತಾರೆ, ಬೇಕಾದರೆ ಡರ್ಮೊಸ್ಕೋಪ್ ಎಂಬ ಭೂತಗನ್ನಡಿ ಹಿಡಿಯುತ್ತಾರೆ. ನೀವು ನಾಚಿಕೊಂಡು ಕಳೆದ ತಿಂಗಳುಗಳಿಗೆ ಹೋಲಿಸಿದರೆ ಅದು ಒಂದೆರಡು ನಿಮಿಷದ ಕೆಲಸ. ಡಾಕ್ಟರು ಹೆಂಗಸಾದರೆ ಸಂಕೋಚ ಬೇಡ, ಇಷ್ಟವಿಲ್ಲದಿದ್ದರೆ ಗಂಡು ಡಾಕ್ಟರನ್ನು ಕೇಳಬಹುದು.

'ಏನೂ ಇಲ್ಲ, ಹೋಗಿ' ಎಂದ ಮೇಲೂ ತೆಗೆಸಲೇಬೇಕು ಅನಿಸುತ್ತದೆಯಾ? ಕಾರ್ಬನ್ ಡೈಆಕ್ಸೈಡ್ ಲೇಸರಿನಿಂದ ಅಂಚಿನ ಗುಳ್ಳೆಗಳನ್ನು ತೆಗೆಯುವವರಿದ್ದಾರೆ. ಆದರೆ ಅದು ಚಂದಕ್ಕೆ ಮಾತ್ರ. ಆ ಜಾಗದಲ್ಲಿ ಗಾಯ, ಕಲೆ, ಸ್ಪರ್ಶದಲ್ಲಿ ವ್ಯತ್ಯಾಸ ಆಗುವ ಸಾಧ್ಯತೆ ಇದೆ. ನನ್ನನ್ನು ಕೇಳಿದರೆ ಬೇಡ. ಸಂಗಾತಿ ಕೇಳಿದರೆ 'ಹುಡುಗನಾಗಿದ್ದಾಗಿಂದ ಇದೆ, ಡಾಕ್ಟರಿಗೆ ತೋರಿಸಿದ್ದೀನಿ, ಅಂಟುವುದಿಲ್ಲ' ಎಂದರೆ ಮುಗಿಯಿತು. ನರುಲಿ ಎಂದು ಗೊತ್ತಾದರೆ ಮಾತ್ರ ಸಂಗಾತಿಯೂ ತೋರಿಸಿಕೊಳ್ಳಬೇಕು. ಎಚ್‌ಪಿವಿ ಲಸಿಕೆ ಹುಡುಗಿಯರಿಗೆ ಮಾತ್ರ ಎಂದುಕೊಂಡವರೇ ಹೆಚ್ಚು. ಪುಣೆಯ ಸೀರಮ್ ಸಂಸ್ಥೆಯ ಸರ್ವಾವ್ಯಾಕ್ ಲಸಿಕೆ ನರುಲಿ ತರುವ 6 ಮತ್ತು 11ನೇ ಬಗೆಗೂ ರಕ್ಷಣೆ ಕೊಡುತ್ತದೆ, ಅದನ್ನು ಹುಡುಗರಿಗೂ ಹಾಕಿಸಬಹುದು.

ಮಕ್ಕಳಿದ್ದವರಿಗೆ ಒಂದು ಮಾತು

ಗಂಡುಮಗುವಿಗೆ ಸ್ನಾನ ಮಾಡಿಸುವಾಗ ಮುಂದೊಗಲಿನ ಒಳಗೆ ಬಿಳಿ ಮಣಿಯಂಥದ್ದು ಕಂಡು ಅಮ್ಮಂದಿರು, ಅಜ್ಜಿಯರು ಕೀವು ಎಂದು ಹೆದರುತ್ತಾರೆ. ಅದು ಉದುರಿದ ಚರ್ಮದ ಕಣಗಳು ಒಳಗೆ ಸೇರಿ ಗಟ್ಟಿಯಾಗಿರುವುದು. ಮುಂದೊಗಲು ಬೆಳೆಯುತ್ತಾ ತಾನಾಗಿ ಬಿಡಿಸಿಕೊಂಡಾಗ ಹೊರಬರುತ್ತದೆ. ಅದನ್ನು ತೆಗೆಯಲೆಂದು ಎಣ್ಣೆ ಹಚ್ಚಿ ಚರ್ಮ ಹಿಂದಕ್ಕೆ ಎಳೆಯಬೇಡಿ. ಹರಿದು, ಮಾಯುವಾಗ ಬಿಗಿದುಕೊಳ್ಳುತ್ತದೆ. ಹೊರಗಿನಿಂದ ಬರೀ ನೀರಿನಲ್ಲಿ ತೊಳೆದರೆ ಸಾಕು. ಉಚ್ಚೆ ಹೊಯ್ಯುವಾಗ ಮಗು ಅತ್ತರೆ, ಅಲ್ಲಿ ಕೆಂಪಾಗಿ ಊದಿದರೆ, ಜ್ವರ ಬಂದರೆ ಮಕ್ಕಳ ಡಾಕ್ಟರಿಗೆ ತೋರಿಸಿ.